ಅಮೆರಿಕಾದ ನಡುಸೀಮೆಯ ದುಡಿಯುವ ಊರುಗಳೂ ಅವುಗಳ ಕಥೆಗಾರರೂ

ಅಮೆರಿಕಾ ಸಂಯುಕ್ತ ಸಂಸ್ಥಾನದ ನಡುನಾಡಿನಲ್ಲಿ, ಅಲ್ಲಿನವರು ಮಧ್ಯಪಶ್ಚಿಮವೆಂದು ಕರೆಯುವ ಸೀಮೆಯಲ್ಲಿ, ಐದಾರು ಸಾವಿರ ಜನರು ವಾಸಿಸುವ ಊರುಗಳು ಲೆಕ್ಕವಿಲ್ಲದಷ್ಟು ಇವೆ. ಒಂದು ಮುಖ್ಯ ಬೀದಿ, ಒಂದು ರೈಲು ನಿಲ್ದಾಣ, ನಾಲ್ಕೈದು ಚರ್ಚುಗಳು, ಸುತ್ತಲೂ ಮುಸುಕಿನ ಜೋಳದ ಹೊಲ, ಊರಂಚಿನಲ್ಲಿ ಒಂದು ಕಾರ್ಖಾನೆ, ಇಷ್ಟಾದರೆ ಊರಾಯಿತು. ಇಂಥ ಊರುಗಳಲ್ಲಿ ಮೈಮುರಿದು ದುಡಿಯುವವರಿಗೆ ಆ ದೇಶದಲ್ಲಿ ನೀಲಿ ಕಾಲರಿನವರೆಂಬ ಹೆಸರು ರೂಢಿಯಲ್ಲಿದೆ. ಕೊಳೆ ಬೇಗ ತೋರದಿರಲೆಂದು ಕಾರ್ಖಾನೆಯ ಕೆಲಸಗಾರರು ನೀಲಿ ಬಣ್ಣದ ಒರಟು ಅಂಗಿಯನ್ನು ತೊಡುತ್ತಿದ್ದುದೇ ಈ ಹೆಸರಿಗೆ ಮೂಲ. ಕಚೇರಿಯಲ್ಲಿ ಕುಳಿತು ಬರೆಯುವವನು ಬಿಳಿ ಕಾಲರಿನವನು. ಕಥೆಗಾರನಾಗಲಿ ಕವಿಯಾಗಲಿ ಎಷ್ಟೇ ಬಡತನದಲ್ಲಿ ಹುಟ್ಟಿ ಬೆಳೆದಿರಲಿ, ಲೇಖನಿಯನ್ನು ಹಿಡಿದು ಕುಳಿತ ಗಳಿಗೆಯಲ್ಲಿ ಈ ಎರಡನೆಯ ಪಂಗಡಕ್ಕೆ ಸೇರಿದವನಾಗಿಬಿಡುವನು. ಅಂಥವನು ನೀಲಿ ಅಂಗಿಯವನ ಬಾಳನ್ನು, ಅದರಲ್ಲಿಯೂ ಅವನ ಕೆಲಸವನ್ನು, ಕನಿಕರಕ್ಕೆ ಇಳಿಸದೆ ಬರೆಯಬಲ್ಲನೆ ಎಂಬುದೇ ಪ್ರಕೃತ ವಿಚಾರ.

ಈ ಸೀಮೆಯ ಸಾಹಿತ್ಯಕ್ಕೆ ಅಲ್ಲಿನ ಪಂಡಿತರು ಬಹು ಹಿಂದೆಯೇ ಒಂದು ಹಣೆಪಟ್ಟಿಯನ್ನು ಕಟ್ಟಿದರು. 1915ರಲ್ಲಿ ಎಡ್ಗರ್ ಲೀ ಮಾಸ್ಟರ್ಸರ ‘ಸ್ಪೂನ್ ರಿವರ್’ ಪದ್ಯಸಂಕಲನ, 1919ರಲ್ಲಿ ಷೆರ್ವುಡ್ ಆಂಡರ್ಸನ್ನರ ‘ವೈನ್ಸ್‌ಬರ್ಗ್, ಓಹಿಯೋ’, 1920ರಲ್ಲಿ ಸಿಂಕ್ಲೇರ್ ಲೂಯಿಸರ ‘ಮೇನ್ ಸ್ಟ್ರೀಟ್’ ಪ್ರಕಟವಾದುವು. 1921ರಲ್ಲಿ ಕಾರ್ಲ್ ವ್ಯಾನ್ ಡೋರೆನ್ ಎಂಬ ವಿಮರ್ಶಕರು ಇವನ್ನೆಲ್ಲ ಒಂದೇ ಕಟ್ಟಾಗಿ ಕಟ್ಟಿ, ಇದು ಹಳ್ಳಿಯ ಮೇಲೆ ಎದ್ದ ದಂಗೆ ಎಂಬರ್ಥದ ಹೆಸರನ್ನಿಟ್ಟರು. ಹೆಸರು ನಿಂತುಬಿಟ್ಟಿತು. ಅಂದಿನಿಂದ ಈ ಗ್ರಂಥಗಳನ್ನು ಓದುವವರು ಸಣ್ಣ ಊರಿನ ಸಣ್ಣತನವನ್ನೂ, ಅಲ್ಲಿನ ಚಾಡಿಮಾತನ್ನೂ, ಅಲ್ಲಿಂದ ತಪ್ಪಿಸಿಕೊಂಡು ಹೋಗುವ ತರುಣರನ್ನೂ ಹುಡುಕುತ್ತ ಓದುವರು; ಹುಡುಕಿದ್ದು ಸಿಕ್ಕದೆ ಇರುವುದೂ ಇಲ್ಲ. ಆದರೆ ಈ ಪಟ್ಟಿಯ ಕೆಳಗೆ ಒಂದು ಮುಖ್ಯ ಭೇದವು ಮರೆಯಾಗಿದೆಯೆಂದು ನಮಗೆ ತೋರುವುದು. ಊರನ್ನು ಅದರ ಮಾತಿನಿಂದ ಅಳೆಯುವವರು ಕೆಲವರು. ಅದರ ಕೆಲಸದಿಂದ ಅಳೆಯುವವರು ಮತ್ತೆ ಕೆಲವರು. ಇವರಿಬ್ಬರನ್ನೂ ಒಂದೇ ಸಾಲಿನಲ್ಲಿ ಕೂಡಿಸುವುದು ಸಲ್ಲದು.

ಲೂಯಿಸರು ಮೊದಲನೆಯ ವರ್ಗದವರು. ಅವರ ಹಾಸ್ಯ ಹರಿತವಾದುದು; 1930ರಲ್ಲಿ ಅಮೆರಿಕಾದ ಸಾಹಿತಿಗಳಲ್ಲಿ ಮೊದಲಿಗರಾಗಿ ಅವರು ನೊಬೆಲ್ ಪಾರಿತೋಷಿಕವನ್ನು ಪಡೆದರು. ಆದರೂ ‘ಮೇನ್ ಸ್ಟ್ರೀಟ್’ ಒಬ್ಬ ವೈದ್ಯನ ಹೆಂಡತಿಯ ಕಣ್ಣಿನಿಂದ ನೋಡಿದ ಊರು. ನಗರದಿಂದ ಮದುವೆಯಾಗಿ ಬಂದ ಕ್ಯಾರೊಲ್ ಮುಖ್ಯಬೀದಿಯನ್ನು ನಡೆದು ನೋಡಿ, ಇದರ ಕೊಳಕನ್ನು ಸಹಿಸುವುದೆಂತು ಎಂದು ಕಂಗೆಡುವಳು. ಅದೇ ರೈಲಿನಲ್ಲಿ ಬಂದಿಳಿದ ಬೀ ಎಂಬ ಸ್ವೀಡಿಷ್ ರೈತರ ಹುಡುಗಿ, ಮನೆಗೆಲಸವನ್ನು ಹುಡುಕಿಕೊಂಡು ಬಂದವಳು, ಅದೇ ಬೀದಿಯನ್ನು ನೋಡಿ ಅದರ ವೈಭವಕ್ಕೆ ಬೆರಗಾಗುವಳು. ಬೀದಿ ಒಂದೇ, ಕಣ್ಣು ಎರಡು. ಇಷ್ಟು ಸೊಗಸಾದ ಬೀಜವನ್ನು ಬಿತ್ತಿದ ಗ್ರಂಥಕರ್ತರು ಮುಂದೆ ಅದಕ್ಕೆ ನೀರೆರೆಯಲಿಲ್ಲ. ಬೀ ಊರಿನ ಕೂಲಿಗಾರ ಮೈಲ್ಸ್ ಬ್ಯೋರ್ನ್‌ಸ್ಟಾಮನ ಕೈಹಿಡಿಯುತ್ತಾಳೆ. ವಿಷಮಶೀತಜ್ವರದಿಂದ ಅವಳೂ ಮಗುವೂ ತೀರಿಕೊಳ್ಳುತ್ತಾರೆ. ಅದುವರೆಗೆ ಆ ಮನೆಯ ಹೊಸಿಲನ್ನು ತುಳಿಯದಿದ್ದ ಊರ ಹೆಂಗಸರು ಆಗ ಉಪಚಾರಕ್ಕೆಂದು ಬರುತ್ತಾರೆ. ಹೊತ್ತು ಮೀರಿಹೋಯಿತೆಂದು ಮೈಲ್ಸನು ಅವರನ್ನು ಬಾಗಿಲಿನಿಂದಲೇ ಹಿಂದಕ್ಕೆ ಕಳುಹಿಸುವನು. ದೊಡ್ಡ ಕಾದಂಬರಿಯಲ್ಲಿ ನಮ್ಮ ಎದೆಯನ್ನು ಇರಿಯುವ ಭಾಗ ಇದು. ಆದರೆ ಅದು ಬಂದಷ್ಟೇ ಬೇಗ ಮುಗಿದುಹೋಗುವುದು. ಗ್ರಂಥಕರ್ತರೂ ಆ ಹೆಂಗಸರಂತೆ ಆ ಮನೆಗೆ ತಡವಾಗಿ ಬಂದವರೇ ಎಂದರೆ ಕಟುವಾದೀತು, ಸುಳ್ಳಾಗಲಾರದು.

ಆಂಡರ್ಸನ್ನರ ಮಾತು ಬೇರೆ. ಅವರು 1876ರಲ್ಲಿ ಹುಟ್ಟಿ, 1884ರಿಂದ ಓಹಿಯೋ ಸಂಸ್ಥಾನದ ಕ್ಲೈಡ್ ಎಂಬ ಊರಿನಲ್ಲಿ ಬೆಳೆದವರು. ತಂದೆ ಕುದುರೆಯ ಜೀನು, ಲಗಾಮು ಮೊದಲಾದ ತೊಗಲಿನ ಸಾಮಾನು ಮಾಡುವವರು. ಆ ಕಸುಬು ಕೈಕೊಟ್ಟ ಮೇಲೆ ಗೋಡೆಗೂ ಹಲಗೆಗೂ ಬಣ್ಣ ಬಳಿದು ಹೊಟ್ಟೆ ಹೊರೆದವರು. ಹುಡುಗನು ಪತ್ರಿಕೆ ಮಾರಿದನು, ದನ ಹೊಡೆದನು, ಕುದುರೆ ಲಾಯದಲ್ಲಿ ದುಡಿದನು, ಊರಿನ ಬೈಸಿಕಲ್ ಕಾರ್ಖಾನೆಯಲ್ಲಿಯೂ ಕೆಲಸ ಮಾಡಿದನು. ಸಿಕ್ಕಿದ ಕೆಲಸಕ್ಕೆಲ್ಲ ಕೈಹಾಕುವವನೆಂದು ಊರವರು ಅವನನ್ನು ‘ಜಾಬಿ’ ಎಂದು ಕರೆದರು. ಮುಂದೆ ಅವರು ಬಣ್ಣದ ವ್ಯಾಪಾರ ಹೂಡಿದ್ದು, 1912ರ ನವೆಂಬರಿನಲ್ಲಿ ಕಚೇರಿಯಿಂದ ಎದ್ದು ಹೊರಟು ಕೆಲವು ದಿನ ಎಲ್ಲೆಲ್ಲಿಯೋ ಅಲೆದದ್ದು, ಇದನ್ನೆಲ್ಲ ಹೇಳಿದವರು ಬಹಳ ಮಂದಿ. ನಮಗೆ ಬೇಕಾದುದು ಆ ಹಳೆಯ ಅಡ್ಡಹೆಸರು.

‘ವೈನ್ಸ್‌ಬರ್ಗ್’ ಸಂಕಲನದ ಮುನ್ನುಡಿಯಂಥ ಭಾಗ ಕಳೆದೊಡನೆ ಬರುವ ಕಥೆಯ ಹೆಸರು ‘ಕೈಗಳು’. ವಿಂಗ್ ಬಿಡಲ್‌ಬಾಮ್ ಎಂಬ ಮುದುಕನಂತೆ ಕಾಣುವ ಮನುಷ್ಯ ಊರಾಚೆಯ ಒಂದು ಸಣ್ಣ ಮನೆಯಲ್ಲಿ ಒಬ್ಬಂಟಿಯಾಗಿ ಬಾಳುತ್ತಾನೆ. ವಯಸ್ಸು ನಿಜವಾಗಿ ನಲವತ್ತೇ. ಹಿಂದೊಮ್ಮೆ ಬೇರೊಂದು ಸಂಸ್ಥಾನದಲ್ಲಿ ಉಪಾಧ್ಯಾಯನಾಗಿದ್ದವನು. ಮಕ್ಕಳ ಹೆಗಲನ್ನೂ ತಲೆಯನ್ನೂ ಮುಟ್ಟಿ ಮಾತನಾಡುವುದು ಅವನ ಸ್ವಭಾವವಾಗಿತ್ತು. ಆ ಸ್ಪರ್ಶಕ್ಕೆ ಕೆಟ್ಟ ಅರ್ಥ ಹಚ್ಚಿ ಊರವರು ಅವನನ್ನು ರಾತ್ರೋರಾತ್ರಿ ಓಡಿಸಿದರು. ಈಗ ಅವನು ಹೊಲದ ಕೂಲಿ. ಆ ಕೈಗಳಿಂದಲೇ ಒಂದು ದಿನಕ್ಕೆ 140 ಕ್ವಾರ್ಟ್‌ಗಳಷ್ಟು ಸ್ಟ್ರಾಬೆರಿ ಹಣ್ಣನ್ನು ಬಿಡಿಸಿದ್ದಾನೆ (ಕ್ವಾರ್ಟೆಂದರೆ ಲೀಟರಿಗಿಂತ ತುಸು ಹೆಚ್ಚು). ವೈನ್ಸ್‌ಬರ್ಗಿನವರಿಗೆ ಈ ಕೈಗಳ ವಿಷಯದಲ್ಲಿ ಹೆಮ್ಮೆ. ಊರಿನ ಸಾಹುಕಾರನ ಹೊಸ ಕಲ್ಲುಮನೆಯ ವಿಷಯದಲ್ಲಿ, ಪಂದ್ಯ ಗೆದ್ದ ಒಂದು ಕುದುರೆಯ ವಿಷಯದಲ್ಲಿ ಇರುವಂಥದೇ ಹೆಮ್ಮೆ.

ಈ ಹೋಲಿಕೆಯಲ್ಲಿ ಆಂಡರ್ಸನ್ನರ ಪ್ರತಿಭೆಯೆಲ್ಲ ಅಡಗಿದೆ. ಆಂಗ್ಲಭಾಷೆಯಲ್ಲಿ ಕೂಲಿಗಾರನನ್ನು ‘ಕೈ’ ಎಂದೇ ಕರೆಯುವರು. ಕಾರ್ಖಾನೆಯಲ್ಲಿ ಇನ್ನೂರು ಕೈಗಳಿವೆ ಎಂದರೆ ಇನ್ನೂರು ಜನರಿದ್ದಾರೆ ಎಂದರ್ಥ. ಮನುಷ್ಯನಲ್ಲಿ ಒಡೆಯನಿಗೆ ಉಪಯೋಗವಾಗುವ ಅಂಗವನ್ನು ಮಾತ್ರ ಹೆಸರಿಸಿ ಉಳಿದುದನ್ನು ಕೈಬಿಡುವ ಪ್ರಯೋಗವಿದು. ನಮ್ಮ ನುಡಿಯಲ್ಲಿ ಅವನು ‘ಆಳು’. ಆಳೆಂದರೆ ಇಡೀ ಮನುಷ್ಯ. ಆಳುದ್ದ ನೀರೆಂದಾಗ ಅಳತೆಗೆ ಬರುವವನೂ ಅವನೇ. ಇದರಿಂದ ನಮ್ಮ ಒಡೆಯರು ಹೆಚ್ಚು ದಯಾಳುಗಳಾಗಿದ್ದರೆಂದು ಹೇಳಲು ಬಾರದು. ಪದ ದೊಡ್ಡದಾದ ಮಾತ್ರಕ್ಕೆ ಕೂಲಿ ದೊಡ್ಡದಾಗುವುದಿಲ್ಲ. ಆದರೆ ಆಂಡರ್ಸನ್ನರ ಕಥೆಯನ್ನು ಕನ್ನಡದಲ್ಲಿ ಓದಿಕೊಳ್ಳುವಾಗ ಈ ಭೇದವನ್ನು ನೆನೆದರೆ ಅದರ ಧ್ವನಿ ಸ್ಪಷ್ಟವಾಗುವುದು. ಆ ಊರು ಬಿಡಲ್‌ಬಾಮನ ಕೈಗಳನ್ನು ಮಾತ್ರ ಇಟ್ಟುಕೊಂಡು ಅವನನ್ನು ಬಿಟ್ಟಿದೆ. ಮೊದಲಿನ ಊರೂ ಆ ಕೈಗಳನ್ನು ಮಾತ್ರ ಕಂಡು ಅವನನ್ನು ಓಡಿಸಿತ್ತು. ಹೊಗಳಿದ ಊರೂ ಕಲ್ಲೆಸೆದ ಊರೂ ಮಾಡಿದ ತಪ್ಪು ಒಂದೇ. ಇದನ್ನು ಕಥೆಗಾರರು ಎಲ್ಲಿಯೂ ಬಾಯಿಬಿಟ್ಟು ಹೇಳಿಲ್ಲ. ಕಡೆಯಲ್ಲಿ ಆ ಮನುಷ್ಯ ದೀಪದ ಬೆಳಕಿನಲ್ಲಿ ಮೊಣಕಾಲೂರಿ ನೆಲದ ಮೇಲೆ ಬಿದ್ದ ರೊಟ್ಟಿಯ ಚೂರುಗಳನ್ನು ಬೆರಳಿನಿಂದ ಆರಿಸುವುದನ್ನು ತೋರಿಸಿ ಸುಮ್ಮನಾಗುವರು. ಇದನ್ನೇ ನಮ್ಮ ಆಲಂಕಾರಿಕರು ವ್ಯಂಗ್ಯವೆಂದರು.

ಇದೇ ಸಂಕಲನದ ‘ಹೇಳದ ಸುಳ್ಳು’ ಎಂಬ ಕಥೆಯನ್ನು ನಾವು ಇನ್ನೂ ಮೇಲೆ ಇಡುವೆವು. ರೇ ಪಿಯರ್ಸನ್, ಹಾಲ್ ವಿಂಟರ್ಸ್ ಎಂಬ ಇಬ್ಬರು ಜೀತದಾಳುಗಳಂಥ ಕೂಲಿಗಳು ಒಂದು ಶರತ್ಕಾಲದ ಸಂಜೆ ಮುಸುಕಿನ ಜೋಳದ ತೆನೆ ಸುಲಿಯುತ್ತಿರುತ್ತಾರೆ. ರೇಗೆ ಐವತ್ತರ ವಯಸ್ಸು, ಆರು ಮಕ್ಕಳು, ಬಾಯಿ ಮುಂದಾದ ಹೆಂಡತಿ, ಚಳಿಗೆ ಒಡೆದ ಕೈ. ಹಾಲ್ ಇಪ್ಪತ್ತೆರಡರ ಪೋಕರಿ ಹುಡುಗ. ಒಬ್ಬ ಹುಡುಗಿಯನ್ನು ಬಸಿರು ಮಾಡಿ, ಈಗ ಮದುವೆಯಾಗಬೇಕೆ ಬೇಡವೆ ಎಂದು ಹಿರಿಯನನ್ನು ಕೇಳುವನು. ಬೇಡವೆಂದು ಹೇಳಲು ರೇ ಹೊಲಗಳನ್ನು ಹಾದು ಓಡುವನು. ಎದುರಿಗೆ ನಿಂತಾಗ ಮಾತು ಹೊರಡದು. ಬೇಡವೆಂದಿದ್ದರೆ ತನ್ನ ಮಕ್ಕಳೊಡನೆ ಕಳೆದ ಕೆಲವು ಸುಖದ ಸಂಜೆಗಳು ಸುಳ್ಳಾಗುವುವು. ಆಗಲೆಂದಿದ್ದರೆ ಉಳಿದ ಬಾಳೆಲ್ಲ ಸುಳ್ಳಾಗುವುದು. ಕೂಲಿಯವನಿಗೆ ಇಷ್ಟು ಸೂಕ್ಷ್ಮವಾದ ಧರ್ಮಸಂಕಟವಿದೆಯೆಂದು ಒಪ್ಪಿಕೊಂಡದ್ದೇ ಈ ಕಥೆಯ ಹಿರಿಮೆ. ಇಲ್ಲಿ ಕನಿಕರಕ್ಕೆ ಎಡೆಯಿಲ್ಲ. ತೆನೆ ಸುಲಿಯುವ ಕೆಲಸ ನಿಂತಾಗ ಆಲೋಚನೆ ಹುಟ್ಟುತ್ತದೆ, ಪೇಟೆಗೆ ಸಾಮಾನು ತರಲು ಹೆಂಡತಿ ಅಟ್ಟಿದಾಗ ಆಲೋಚನೆ ಕಡಿಯುತ್ತದೆ. ಅಂಥವರ ಆಲೋಚನೆಗೆ ಸಿಕ್ಕುವ ಬಿಡುವು ಅಷ್ಟೇ ಎಂಬುದು ಅನುಭವಸ್ಥನಿಗೆ ಮಾತ್ರ ಗೊತ್ತಿರುವ ಸಂಗತಿ.

ಆದರೆ ಒಂದು ಆಕ್ಷೇಪಣೆಯನ್ನು ಎತ್ತಲೇಬೇಕು. ತಾವು ದುಡಿದ ಕಾರ್ಖಾನೆಯನ್ನು ಆಂಡರ್ಸನ್ನರು ವೈನ್ಸ್‌ಬರ್ಗಿನೊಳಕ್ಕೆ ಬಿಟ್ಟುಕೊಳ್ಳಲಿಲ್ಲ. ಅಲ್ಲಿ ಹೊಲವುಂಟು, ಅಂಗಡಿಯುಂಟು, ತಂತಿಯ ಕಚೇರಿಯುಂಟು. ಯಂತ್ರದ ಮುಂದೆ ನಿಂತ ಮನುಷ್ಯ ಕಾಣಸಿಗುವುದು ದುರ್ಲಭ. ಯಂತ್ರಯುಗದ ಬರವನ್ನು ಕುರಿತು ಒಂದೆಡೆ ಪ್ರಬಂಧದಂಥ ಮಾತುಗಳು ಬರುವುವು, ಕಥೆ ಬಾರದು. ಕ್ಲೈಡ್ ಊರು ಇಂದು ವರ್ಲ್‌ಪೂಲ್ ಸಂಸ್ಥೆಯ ಬಟ್ಟೆ ಒಗೆಯುವ ಯಂತ್ರಗಳ ಕಾರ್ಖಾನೆಗೆ ಹೆಸರುವಾಸಿ. ಜಗತ್ತಿನಲ್ಲಿ ಈ ಬಗೆಯ ಕಾರ್ಖಾನೆಗಳಲ್ಲಿ ಅದೇ ದೊಡ್ಡದೆಂದು ಪ್ರಖ್ಯಾತಿಯಿದೆ. ಆರು ಸಾವಿರ ಚಿಲ್ಲರೆ ಜನರ ಊರಿಗೆ ಅಷ್ಟು ದೊಡ್ಡ ಕಾರ್ಖಾನೆ! ಅಲ್ಲಿ ಪಾಳಿ ಮುಗಿಸಿ ಬಂದವನು ವೈನ್ಸ್‌ಬರ್ಗನ್ನು ಓದಿದರೆ ತನ್ನ ಊರಿನ ಬೀದಿಗಳನ್ನು ಗುರುತಿಸಿಯಾನು, ತನ್ನ ದಿನವನ್ನು ಗುರುತಿಸಲಾರನು.

ಆ ಕೊರತೆಯನ್ನು ತುಂಬಲೆಂದೋ ಏನೋ, ಆಂಡರ್ಸನ್ನರು 1920ರಲ್ಲಿ ‘ಪೂರ್ ವೈಟ್’ ಎಂಬ ಕಾದಂಬರಿಯನ್ನು ಬರೆದರು. ಬಿಡ್‌ವೆಲ್ ಎಂಬ ಕೃಷಿಯ ಊರು ಕಾರ್ಖಾನೆಯ ಊರಾದ ಬಗೆ ಅದರ ವಸ್ತು. ಅದರಲ್ಲಿ ಒಂದು ಪ್ರಕರಣ ಮರೆಯಲಾಗದುದು. ಒಂದು ರೈತಕುಟುಂಬದವರು ಬೆಳುದಿಂಗಳಿನಲ್ಲಿ ಮೊಣಕಾಲೂರಿ ತೆವಳುತ್ತ ಕೋಸಿನ ಸಸಿಗಳನ್ನು ನೆಡುತ್ತಿರುವುದನ್ನು ಹ್ಯೂ ಮೆಕ್‌ವೇ ಎಂಬ ತಂತಿಯ ಗುಮಾಸ್ತ ಬೇಲಿಯ ಮರೆಯಿಂದ ನೋಡುವನು. ಅವರ ಕೈಕಾಲುಗಳ ಚಲನೆಯನ್ನು ತಾನೂ ಕತ್ತಲಲ್ಲಿ ಅನುಕರಿಸಿ, ಅದೇ ಚಲನೆಯನ್ನು ಮಾಡುವ ಯಂತ್ರವನ್ನು ಕಲ್ಪಿಸುವನು. ಆ ಆಕೃತಿಯನ್ನು ಕಂಡು ರೈತನ ಮಕ್ಕಳು ದೆವ್ವವೆಂದು ಹೆದರುವರು. ಯಂತ್ರವೆಂಬುದು ಮನುಷ್ಯನ ಬೆನ್ನುನೋವಿನ ಅನುಕರಣೆಯಾಗಿ ಹುಟ್ಟಿತೆಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸಿದ ಬರಹವನ್ನು ನಾವು ಬೇರೆ ಕಂಡಿಲ್ಲ. ಹಾಗೆಯೇ ಜೋ ವೇನ್ಸ್‌ವರ್ತ್ ಎಂಬ ಜೀನುಗಾರನ ಭಾಗ: ಕಾರ್ಖಾನೆಯಲ್ಲಿ ತಯಾರಾದ ಅಗ್ಗದ ಸಾಮಾನನ್ನು ತನ್ನ ಅಂಗಡಿಗೆ ತರಿಸಿದ ಕೈಕೆಳಗಿನವನನ್ನು ಅವನು ತೊಗಲು ಕೊಯ್ಯುವ ಕತ್ತಿಯಿಂದಲೇ ಕೊಲ್ಲುವನು. ಗ್ರಂಥಕರ್ತರ ತಂದೆಯ ಕಸುಬೂ ಅದೇ ಎಂಬುದನ್ನು ವಾಚಕರು ನೆನೆಯಬೇಕು. ಇಷ್ಟಿದ್ದರೂ ಕಾದಂಬರಿ ಒಟ್ಟಿನಲ್ಲಿ ಸೋತಿತು. ಕಾರಣವಿಷ್ಟೆ: ವೈನ್ಸ್‌ಬರ್ಗಿನಲ್ಲಿ ವ್ಯಂಗ್ಯವಾಗಿದ್ದುದು ಇಲ್ಲಿ ವಾಚ್ಯವಾಯಿತು. ಎರಡು ಪುಟ ಕಥೆ ನಡೆದರೆ ಮೂರು ಪುಟ ಯಂತ್ರಯುಗದ ವಿಷಯದಲ್ಲಿ ಉಪನ್ಯಾಸ ನಡೆಯುವುದು. ಉಪನ್ಯಾಸ ಮಾಡುವವನು ಬಿಳಿ ಕಾಲರಿನವನೇ.

ಕಾರ್ಖಾನೆಯ ಊರನ್ನು ಕಾವ್ಯಕ್ಕೆ ತಂದವರು ಅದೇ ಓಹಿಯೋದ ಮತ್ತೊಂದು ಅಂಚಿನಲ್ಲಿ ಹುಟ್ಟಿದರು. ಓಹಿಯೋ ನದಿಯ ದಡದ ಮೇಲೆ, ವೀಲಿಂಗ್ ನಗರಕ್ಕೆ ಎದುರಾಗಿ, ಮಾರ್ಟಿನ್ಸ್ ಫೆರಿ ಎಂಬ ಊರಿದೆ. ಕಲ್ಲಿದ್ದಲು, ಉಕ್ಕು, ಗಾಜು ಇವುಗಳಿಂದ ಬದುಕಿದ ಸೀಮೆ. 1940ರ ಸುಮಾರಿಗೆ ಹದಿನಾಲ್ಕು ಸಾವಿರಕ್ಕೆ ಮೇಲ್ಪಟ್ಟಿದ್ದ ಅಲ್ಲಿನ ಜನಸಂಖ್ಯೆ ಈಗ ಅದರ ಅರ್ಧಕ್ಕೂ ಕಡಮೆ. ಹಿಂದಿನ ಶತಮಾನದ ಹಿರಿಯ ಕಾದಂಬರಿಕಾರ ವಿಲಿಯಂ ಡೀನ್ ಹೊವೆಲ್ಸರು 1837ರಲ್ಲಿ ಹುಟ್ಟಿದ್ದೂ ಇಲ್ಲಿಯೇ. ಜೇಮ್ಸ್ ರೈಟ್ ಎಂಬ ಕವಿ 1927ರಲ್ಲಿ ಇಲ್ಲಿ ಹುಟ್ಟಿದರು. ತಂದೆ ಹೇಜಲ್-ಅಟ್ಲಾಸ್ ಗಾಜಿನ ಕಾರ್ಖಾನೆಯಲ್ಲಿ ಐವತ್ತು ವರ್ಷ ದುಡಿದವರು. ತಾಯಿ ಬಟ್ಟೆ ಒಗೆಯುವ ಸಂಸ್ಥೆಯಲ್ಲಿ ಕೂಲಿ ಮಾಡಿದವರು. ಸೈನ್ಯದ ಚಾಕರಿಯ ತರುವಾಯ ಮಗನು ಕಾಲೇಜು ಮೆಟ್ಟಿಲು ಹತ್ತಿ ಅಧ್ಯಾಪಕನಾದನು, 1972ರಲ್ಲಿ ಪುಲಿಟ್ಸರ್ ಪಾರಿತೋಷಿಕ ದೊರೆಯಿತು, 1980ರಲ್ಲಿ ತೀರಿಕೊಂಡರು.

1963ರ ಅವರ ಸಂಕಲನದಲ್ಲಿ ಮಾರ್ಟಿನ್ಸ್ ಫೆರಿಯಲ್ಲಿ ಶರದೃತು ಮೊದಲಾಗುವುದನ್ನು ಕುರಿತ ಹನ್ನೆರಡೇ ಪಂಕ್ತಿಗಳ ಪದ್ಯವೊಂದಿದೆ. ಶಾಲೆಯ ಹುಡುಗರ ಫುಟ್‌ಬಾಲ್ ಪಂದ್ಯವನ್ನು ನೋಡುತ್ತ ಕುಳಿತ ಕವಿಗೆ ಸುತ್ತಲಿನ ಊರುಗಳ ದುಡಿಮೆಗಾರರು ನೆನಪಾಗುವರು. ಇದು ನಾವು ಬಲ್ಲ ಕಾಲ್ಚೆಂಡಾಟವಲ್ಲ. ಮೈಗೆ ಮೈ ಡಿಕ್ಕಿ ಹೊಡೆದು ಆಡುವ ಅಮೆರಿಕಾದ ಒರಟಾಟ. ಒಂದು ಊರಿನಲ್ಲಿ ಬಿಯರಿನ ಮುಂದೆ ಹೊತ್ತು ಕಳೆಯುವ ಪೋಲೆಂಡಿನ ಮೂಲದವರು, ಮತ್ತೊಂದು ಊರಿನ ಊದುಕುಲುಮೆಯೆದುರಿಗೆ ಮುಖ ಬೂದಿಬಣ್ಣವಾದ ಕರಿಯರು, ವೀಲಿಂಗ್ ಉಕ್ಕಿನ ಕಾರ್ಖಾನೆಯಲ್ಲಿ ಮೈ ಕೆಟ್ಟ ರಾತ್ರಿಯ ಕಾವಲುಗಾರ. ಒಬ್ಬೊಬ್ಬನಿಗೆ ಒಂದೊಂದು ಊರು, ಒಂದೊಂದು ಕೆಲಸ, ವಿವರಣೆಯಿಲ್ಲ. ಎರಡನೆಯ ಚರಣದಲ್ಲಿ ಮನೆಗೆ ಹೋಗಲು ನಾಚುವ ತಂದೆಗಳು, ಒಲವಿಲ್ಲದೆ ಸೊರಗುವ ಹೆಂಗಸರು. ಮೂರನೆಯ ಚರಣದಲ್ಲಿ ಮಕ್ಕಳು, ಸಾವಿನ ಕಡೆಗೆ ಓಡುವಂಥ ಒಂದು ಚೆಲುವಿನಿಂದ, ಒಬ್ಬರ ಮೈಮೇಲೊಬ್ಬರು ಬೀಳುವರು. ಎರಡನೆಯ ಚರಣಕ್ಕೂ ಮೂರನೆಯದಕ್ಕೂ ನಡುವೆ ಕವಿ ಇಟ್ಟಿರುವುದು ತರ್ಕದ ಒಂದು ಅವ್ಯಯಪದ. ನಮ್ಮ ನೈಯಾಯಿಕರು ನಿಗಮನಕ್ಕೆ ಮುಂಚೆ ಇಡುವಂಥದು. ಹೊಗೆಯಿರುವುದರಿಂದ ಬೆಟ್ಟದಲ್ಲಿ ಬೆಂಕಿಯುಂಟು ಎಂಬಷ್ಟೇ ಶಾಂತವಾಗಿ, ತಂದೆಯ ಅವಮಾನವಿರುವುದರಿಂದ ಮಗನ ಆಟ ಹೀಗಿದೆ ಎಂದು ಆ ಪದ ಹೇಳುವುದು. ‘ಪೂರ್ ವೈಟ್’ ಉಪನ್ಯಾಸಗಳಿಂದ ಸಾಧಿಸದ ಕಾರ್ಯಕಾರಣಭಾವವು ಇಲ್ಲಿ ಒಂದು ಪದದಿಂದ ಸಿದ್ಧವಾಯಿತು. ಕಾರ್ಖಾನೆ ಪದ್ಯದ ಹೊರಗೇ ಇದೆ. ಅದರ ಕಾವು ಮಾತ್ರ ಮೈದಾನದ ಹುಡುಗರ ಮೈಯಲ್ಲಿ ತೋರುವುದು.

ಇಷ್ಟು ಹೊಗಳಿದ ಪದ್ಯದಲ್ಲಿಯೂ ನಮಗೆ ಒಪ್ಪಿಗೆಯಾಗದ ಒಂದಂಶವಿದೆ. ಅಲ್ಲಿನ ವಿಮರ್ಶಕರು ಪದ್ಯವನ್ನು ಮೆಚ್ಚುವ ಭರದಲ್ಲಿ ಇದನ್ನು ಸುಲಭವಾಗಿ ದಾಟಿಬಿಡುವರು. ಗಂಡಸರಿಗೆ ಊರೂ ಕೆಲಸವೂ ಕೊಟ್ಟ ಕವಿ ಹೆಂಗಸರಿಗೆ ಎರಡನ್ನೂ ಕೊಡಲಿಲ್ಲ. ಅವರು ಹಸಿದ ಕೋಳಿಗಳಿಗೆ ಉಪಮೆಯಾಗಿ ಗೂಡಿನಲ್ಲಿ ಉಳಿದರು. ತಾಯಿ ಬಿಸಿನೀರಿನ ಆವಿಯಲ್ಲಿ ಪರರ ಬಟ್ಟೆ ಒಗೆದು ಮನೆ ನಡೆಸಿದುದನ್ನು ಕಂಡ ಮಗನಿಗೆ ಈ ಉಪಮೆ ಹೇಗೆ ಒದಗಿತೊ! ಔಚಿತ್ಯವಿಚಾರ ಮಾಡುವವರು ಇದನ್ನು ಸಣ್ಣ ದೋಷವೆನ್ನಲಾರರು. ನಾಚಿಕೆಯಿಂದ ಮನೆಗೆ ಬಾರದ ತಂದೆಯ ಮನೆಯಲ್ಲಿ ಒಲೆ ಉರಿಯುತ್ತಿದ್ದುದು ಯಾರ ದುಡಿಮೆಯಿಂದ ಎಂಬ ಪ್ರಶ್ನೆ ಪದ್ಯದ ಹೊರಗೆ ನಿಂತಿದೆ.

ಆ ಪ್ರಶ್ನೆಗೆ ಉತ್ತರವನ್ನು ಕಾವ್ಯವಲ್ಲದ ಒಂದು ಗ್ರಂಥದಲ್ಲಿ ಕಂಡೆವು. ಆಮಿ ಗೋಲ್ಡ್‌ಸ್ಟೈನ್ ಎಂಬ ಪತ್ರಿಕಾಲೇಖಕಿ 2017ರಲ್ಲಿ ಪ್ರಕಟಿಸಿದ ‘ಜೇನ್ಸ್‌ವಿಲ್’ ವಿಸ್ಕಾನ್ಸಿನ್ ಸಂಸ್ಥಾನದ ಒಂದು ಊರಿನ ವೃತ್ತಾಂತ. ಅರುವತ್ತು ಸಾವಿರ ಜನರಿರುವುದರಿಂದ ಇದು ಹಿಂದೆ ಹೇಳಿದ ಊರುಗಳಿಗಿಂತ ದೊಡ್ಡದು. ಆದರೂ ಒಂದೇ ಕಾರ್ಖಾನೆಯನ್ನು ನೆಚ್ಚಿ ಬೆಳೆದ ಊರು. (ನಮ್ಮ ಹಿರಿಯರ ಜೇಬಿನಲ್ಲಿ ಮೆರೆಯುತ್ತಿದ್ದ ಪಾರ್ಕರ್ ಲೇಖನಿಯ ಸಂಸ್ಥೆ 1888ರಲ್ಲಿ ಹುಟ್ಟಿದ್ದೂ ಇಲ್ಲಿಯೇ.) ಜನರಲ್ ಮೋಟಾರ್ಸ್ ಸಂಸ್ಥೆ ಅಲ್ಲಿನ ತನ್ನ ಕಾರ್ಖಾನೆಯನ್ನು 2008ರ ಡಿಸೆಂಬರ್ 23ರಂದು, ಕ್ರಿಸ್ಮಸ್ ಹಬ್ಬಕ್ಕೆ ಎರಡು ದಿನವಿರುವಾಗ, ನಿಲ್ಲಿಸಿತು. ಮುಂದೇನಾಯಿತೆಂಬುದನ್ನು ಲೇಖಕಿ ಮನೆಮನೆಯಾಗಿ ಹಿಂಬಾಲಿಸಿ ಬರೆದಿದ್ದಾರೆ. ಕೆಲವರು ನೂರಾರು ಮೈಲಿ ದೂರದ ಫೋರ್ಟ್ ವೇನ್ ಕಾರ್ಖಾನೆಗೆ ಹೋಗಿ ವಾರವೆಲ್ಲ ದುಡಿದು, ವಾರಾಂತ್ಯಕ್ಕೆ ಮಾತ್ರ ಹೆಂಡತಿಮಕ್ಕಳ ಮುಖ ನೋಡಿದರು. ಕೆಲವರು ಸರಕಾರದ ನೆರವಿನಿಂದ ಹೊಸ ವಿದ್ಯೆ ಕಲಿತರು. ಹೀಗೆ ಕಲಿತವರ ಸಂಪಾದನೆ ಕಲಿಯದವರಿಗಿಂತ ಹೆಚ್ಚಲಿಲ್ಲವೆಂಬುದು ಲೆಕ್ಕ ಹಾಕಿದಾಗ ತಿಳಿದ ಸಂಗತಿ. ಪಾರ್ಕರ್ ಪ್ರೌಢಶಾಲೆಯಲ್ಲಿ ಉಪಾಧ್ಯಾಯರು ಒಂದು ಕೋಣೆಯಲ್ಲಿ ಬಟ್ಟೆ, ಸಾಬೂನು, ಹಲ್ಲುಜ್ಜುವ ಸಾಮಾನು ಕೂಡಿಟ್ಟು, ಮನೆಯಲ್ಲಿ ಅವು ಇಲ್ಲದ ಮಕ್ಕಳಿಗೆ ಸದ್ದಿಲ್ಲದೆ ಕೊಡತೊಡಗಿದರು. ಓದುತ್ತಲೇ ಹಲವು ಕಡೆ ಕೆಲಸ ಮಾಡಿ ಮನೆಯ ಖರ್ಚಿಗೆ ಹಣ ಕೊಡುವ ಹೆಣ್ಣುಮಕ್ಕಳು ಈ ಪುಸ್ತಕದಲ್ಲಿದ್ದಾರೆ; ಅದನ್ನು ತೆಗೆದುಕೊಳ್ಳಲು ಸಂಕೋಚಪಡುವ ತಂದೆತಾಯಿಗಳೂ ಇದ್ದಾರೆ. ರೈಟ್ ಕವಿ ಬಿಟ್ಟಿದ್ದ ಮನೆಯ ಒಳಗಿದು. ಗ್ರಂಥದ ಗದ್ಯ ಸಪ್ಪೆಯೆಂದು ದೂರುವವರಿದ್ದಾರೆ. ಅಲಂಕಾರಗಳನ್ನು ಬಿಟ್ಟುದರಿಂದ ಸಪ್ಪೆಯಾದುದು ನಿಜ. ಆದರೆ ಕೋಳಿಯ ಉಪಮೆ ಓದಿದ ಮೇಲೆ ಈ ಸಪ್ಪೆ ನಮ್ಮ ನಾಲಗೆಗೆ ಹಿತವಾಯಿತು.

ಈ ಬರಹಗಳಲ್ಲಿ ಯಾವುದನ್ನಾದರೂ ಕನ್ನಡಕ್ಕೆ ತರಬೇಕೆಂದು ನಮ್ಮ ಸಂಘದ ತರುಣರು ಮನಸ್ಸು ಮಾಡುವುದಾದರೆ, ‘ಹೇಳದ ಸುಳ್ಳು’ ಕಥೆಯಿಂದ ತೊಡಗಲಿ. ಅದರಲ್ಲಿ ಒಂದೇ ಒಂದು ತೊಡಕುಂಟು. ಆಂಗ್ಲದಲ್ಲಿ ಮಧ್ಯಮಪುರುಷಕ್ಕೆ ಒಂದೇ ಪದ. ಕನ್ನಡದಲ್ಲಿ ಹಾಲ್ ಎಂಬ ಹುಡುಗ ತನಗಿಂತ ಮೂವತ್ತು ವರ್ಷ ಹಿರಿಯನಾದ ರೇಯನ್ನು ‘ನೀನು’ ಎನ್ನಬೇಕೊ ‘ನೀವು’ ಎನ್ನಬೇಕೊ ಎಂಬುದನ್ನು ಅನುವಾದಕನೇ ತೀರ್ಮಾನಿಸಬೇಕು. ಬೆಳಗಿನಿಂದ ಒಂದೇ ಸಾಲಿನಲ್ಲಿ ಬಗ್ಗಿ ತೆನೆ ಸುಲಿದವರ ನಡುವೆ ‘ನೀನು’ ಎಂಬುದೇ ಸಲ್ಲುವುದೆಂದು ನಮ್ಮ ಎಣಿಕೆ. ಹೆಗಲ ಮೇಲೆ ಕೈಯಿಟ್ಟು ಮದುವೆಯ ಮಾತು ಕೇಳುವ ಆ ಒಂದು ಸಲ ಮಾತ್ರ, ಪೋಕರಿಯಾದರೂ, ಅವನ ಬಾಯಲ್ಲಿ ‘ನೀವು’ ಬರಬಹುದು.